ಸಿಬಿಲ್ ಬರ್ತಿಲ್ಲ ಅಂದರೆ ಸಾಲ ಇಲ್ಲವೇ?

ತುಮಕೂರಿನ ಬಿ.ಎಚ್. ರಸ್ತೆಯ ಬೈಕ್ ಶೋರೂಮುಗಳಲ್ಲಿ ಸಾಲದ ಮಾತುಕತೆ ಈಗ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಫೈನಾನ್ಸ್ ಕಡೆಯ ಹುಡುಗ ಪ್ಯಾನ್ ಕಾರ್ಡು, ಆಧಾರ್, ಮೊಬೈಲ್ ನಂಬರು ಕೇಳುತ್ತಾನೆ. ಫೋನಿಗೆ ಬಂದ ಒಟಿಪಿ ಹೇಳಿದ ಮೇಲೆ ಒಮ್ಮೆ ಪರದೆ ನೋಡಿ, "ಅಣ್ಣ, ನಿಮ್ದು ಸಿಬಿಲ್ ಬರ್ತಿಲ್ಲ" ಅನ್ನುತ್ತಾನೆ. ಬಂದವರು ಮರುಮಾತಾಡದೆ ಎದ್ದು ಹೋಗುತ್ತಾರೆ. ಎಷ್ಟು ಬಂದಿದೆ, ಯಾಕೆ ಕಡಿಮೆಯಾಗಿದೆ, ಸಾಲ ಬೇಡ ಎಂದು ತೀರ್ಮಾನಿಸಿದವರು ಯಾರು ಎಂದು ಕೇಳುವವರು ವಿರಳ. ಗುಬ್ಬಿಯ ಬ್ಯಾಂಕಿನಲ್ಲಿ, ಕುಣಿಗಲ್ಲಿನ ಮೊಬೈಲ್ ಅಂಗಡಿಯಲ್ಲಿ ಕೂಡ ಇದೇ ಮಾತು, ಇದೇ ಮೌನ. ಮೂರಂಕಿಯ ಒಂದು ಸಂಖ್ಯೆ ಕೋರ್ಟಿನ ತೀರ್ಪಿನಂತೆ ಸ್ವೀಕೃತವಾಗಿಬಿಟ್ಟಿದೆ. ಅದಕ್ಕೆ ಅಂಥ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ.

ಸಿಬಿಲ್ ಎಂಬುದು ಸರ್ಕಾರಿ ಇಲಾಖೆ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಅದೊಂದು ಖಾಸಗಿ ಕಂಪನಿ. 2000ನೇ ಇಸವಿಯಲ್ಲಿ ಕ್ರೆಡಿಟ್ ಇನ್ಫರ್ಮೇಷನ್ ಬ್ಯೂರೋ (ಇಂಡಿಯಾ) ಲಿಮಿಟೆಡ್ ಎಂಬ ಹೆಸರಿನಲ್ಲಿ ಹುಟ್ಟಿತು. ಅಮೆರಿಕದ ಟ್ರಾನ್ಸ್‌ಯೂನಿಯನ್ ಅದರ ಬಹುಪಾಲು ಷೇರುಗಳನ್ನು ಕೊಂಡ ಮೇಲೆ ಟ್ರಾನ್ಸ್‌ಯೂನಿಯನ್ ಸಿಬಿಲ್ ಆಯಿತು. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳು ದೇಶದಲ್ಲಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಈ ನಾಲ್ಕಕ್ಕೂ ಸದಸ್ಯರಾಗಬೇಕೆಂದು 2015ರಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಪ್ರತಿಯೊಂದು ಕಂಪನಿಗೂ ತನ್ನದೇ ಲೆಕ್ಕದ ವಿಧಾನ ಇರುವುದರಿಂದ ಒಬ್ಬನೇ ಮನುಷ್ಯನಿಗೆ ಒಂದೇ ದಿನ ನಾಲ್ಕು ಕಡೆ ನಾಲ್ಕು ಬೇರೆ ಅಂಕ ಬರಬಹುದು. ಶೋರೂಮಿನ ಹುಡುಗ "ಸಿಬಿಲ್" ಅಂದಾಗ ಅವನ ಕಂಪನಿ ನೋಡಿದ್ದು ಇವುಗಳಲ್ಲಿ ಯಾವುದನ್ನು ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ.

ಈ ಕಂಪನಿಗಳನ್ನು ನಿಯಂತ್ರಿಸಲು 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸಾಲದ ಮಾಹಿತಿ ಸಂಗ್ರಹಿಸುವುದು, ಕಾಪಾಡುವುದು, ಕೇಳಿದ ಸದಸ್ಯ ಸಂಸ್ಥೆಗೆ ವರದಿ ಕೊಡುವುದು ಅವುಗಳ ಕೆಲಸ. ಸಾಲ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಪೂರ್ತಿಯಾಗಿ ಬ್ಯಾಂಕಿನದು. 300ರಿಂದ 900ರವರೆಗಿನ ಈ ಅಂಕದಲ್ಲಿ ಇಷ್ಟಕ್ಕಿಂತ ಕೆಳಗಿದ್ದವರಿಗೆ ಸಾಲ ಕೊಡಕೂಡದು ಎಂದು ರಿಸರ್ವ್ ಬ್ಯಾಂಕ್ ಎಲ್ಲೂ ಗೆರೆ ಎಳೆದಿಲ್ಲ. ಕೇಂದ್ರ ಹಣಕಾಸು ಇಲಾಖೆಯ ರಾಜ್ಯ ಸಚಿವ ಪಂಕಜ್ ಚೌಧರಿ 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಇದನ್ನೇ ಸ್ಪಷ್ಟಪಡಿಸಿದರು. 700 ಇರಬೇಕು, 750 ಇರಬೇಕು ಎಂಬ ಗೆರೆಗಳೆಲ್ಲ ಆಯಾ ಬ್ಯಾಂಕಿನ ಆಡಳಿತ ಮಂಡಳಿ ತನಗಾಗಿ ಹಾಕಿಕೊಂಡವು. ಹಾಕಿಕೊಂಡವರೇ ಅದನ್ನು ಸಡಿಲಿಸಲೂಬಹುದು.

ಅಂಕದ ಒಳಗೆ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ಹೆಚ್ಚು ಮುಖ್ಯ. ಎಷ್ಟು ಎಕರೆ ತೆಂಗಿದೆ, ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿದೆ, ಇಪ್ಪತ್ತು ವರ್ಷದಿಂದ ಚೀಟಿ ಕಟ್ಟಿ ಒಂದು ತಿಂಗಳೂ ತಪ್ಪಿಸದ ನಿಷ್ಠೆ ಎಂಥದು, ಇವೆಲ್ಲ ಅದರ ಕಣ್ಣಿಗೆ ಬೀಳುವುದಿಲ್ಲ. ಸದಸ್ಯ ಸಂಸ್ಥೆಯಲ್ಲಿ ಪಡೆದ ಸಾಲ, ಕಂತು ಕಟ್ಟಿದ ದಿನ, ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಬಳಸಿದ ಪಾಲು, ಖಾತೆಯ ವಯಸ್ಸು, ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದಾರೆ ಎಂಬ ವಿವರ, ಇಷ್ಟೇ ಅದರ ಸಾಮಗ್ರಿ. ಮನುಷ್ಯನ ಯೋಗ್ಯತೆ ಹಾಗಿರಲಿ, ಅವನ ಒಟ್ಟು ಹಣಕಾಸಿನ ಸ್ಥಿತಿಯೂ ಅದರಲ್ಲಿ ಕಾಣುವುದಿಲ್ಲ.

ಗುಬ್ಬಿ ತಾಲ್ಲೂಕಿನ ರೈತನಿಗೆ ಇದಕ್ಕಿಂತ ಹಳೆಯ ಸಾಲದ ದಾಖಲೆಯೊಂದು ಗೊತ್ತು. ಅದು ಪಹಣಿ. ಬೆಳೆ ಸಾಲ ತೆಗೆದರೆ ಪಹಣಿಯ ಹನ್ನೊಂದನೇ ಕಲಂನಲ್ಲಿ ಬ್ಯಾಂಕಿನ ಹೆಸರೂ ಮೊತ್ತವೂ ಬಂದು ಕೂರುತ್ತವೆ. ತೀರಿಸಿ ಬೇಬಾಕಿ ಪತ್ರ ತಂದು ಕೊಟ್ಟ ಮೇಲೆ ತೆಗೆಯುತ್ತಾರೆ. ಆ ಋಣದ ಸಾಲನ್ನು ಯಾರು ಬರೆದರು, ಯಾರಿಂದ ಅಳಿಸಬೇಕು ಎಂಬುದು ರೈತನಿಗೆ ಸ್ಪಷ್ಟ. ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ ಕಣ್ಣಾರೆ ಓದಿಕೊಳ್ಳಬಹುದು. ಸಿಬಿಲ್ ವರದಿಯಲ್ಲಿ ತನ್ನ ಬಗ್ಗೆ ಏನು ಬರೆದಿದ್ದಾರೆ ಎಂಬುದನ್ನು ಆತ ಸಾಮಾನ್ಯವಾಗಿ ನೋಡಿಯೇ ಇರುವುದಿಲ್ಲ.

ಬೆಳೆ ಸಾಲಕ್ಕೆ ನಿಯಮವೂ ಬೇರೆಯೇ ಇದೆ. ಬೈಕಿನ ಕಂತು 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಸುಸ್ತಿಯಾಗಿ, ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ ಆಗುತ್ತದೆ. ರಾಗಿಯಂಥ ಅಲ್ಪಾವಧಿ ಬೆಳೆಯ ಸಾಲವಾದರೆ ಎರಡು ಬೆಳೆ ಹಂಗಾಮು ಮೀರಿದ ಮೇಲಷ್ಟೇ ಆ ಹಣೆಪಟ್ಟಿ. ಪ್ರಕೃತಿ ವಿಕೋಪದಿಂದ ಬೆಳೆ ಮೂರನೇ ಒಂದು ಪಾಲು ಹಾಳಾದರೆ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿ ಸಾಲವಾಗಿ ಬದಲಿಸಿಕೊಡಲೂ ಬ್ಯಾಂಕಿಗೆ ಅವಕಾಶವಿದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಿತವಾದವು. ಮಳೆಯ ಲೆಕ್ಕ ಗೊತ್ತಿರುವ ಮನುಷ್ಯ ಕುರ್ಚಿಯಲ್ಲಿ ಕೂತು ಈ ಅವಕಾಶಗಳನ್ನು ಬಳಸಿದಾಗ ಮಾತ್ರ ಅವು ರೈತನಿಗೆ ದಕ್ಕುತ್ತವೆ. ಅಂಕವನ್ನಷ್ಟೇ ನೋಡಿ ಅರ್ಜಿ ಹಿಂದಿರುಗಿಸಿದರೆ ನಿಯಮದ ಈ ಕರುಣೆಗೆ ಬೆಲೆಯೇ ಇರುವುದಿಲ್ಲ. ಇದೇ ಕಾರಣಕ್ಕೆ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್, ಬೆಳೆ ಸಾಲಕ್ಕೆ ಸಿಬಿಲ್ ಕೇಳುವ ಬ್ಯಾಂಕುಗಳ ಮೇಲೆ ಕ್ರಮ ಜರುಗಿಸುವುದಾಗಿ ಬ್ಯಾಂಕರುಗಳ ಸಭೆಯಲ್ಲೇ ಎಚ್ಚರಿಸಿದ್ದರು.

ಅಂಕದ ಹಿಡಿತ ಎಲ್ಲ ಕಡೆ ಒಂದೇ ಸಮ ಇಲ್ಲ ಎಂಬುದು ಹಳ್ಳಿಗೆ ಹೋದಷ್ಟೂ ಗೊತ್ತಾಗುತ್ತದೆ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಡಿಸಿಸಿ ಬ್ಯಾಂಕಿನ ಹಣ ಊರಿನ ಸೊಸೈಟಿಯ ಮೂಲಕ ಬರುವ ಈ ಸಾಲದಲ್ಲಿ ಷೇರುದಾರಿಕೆ, ಪಹಣಿ, ಹಳೆಯ ಬಾಕಿ, ಸೊಸೈಟಿಯ ನಿರ್ದೇಶಕರ ಮಾತು, ಇವುಗಳದ್ದೇ ತೂಕ. ಅಲ್ಲೂ ಪಕ್ಷಪಾತ ಇರುತ್ತದೆ, ಆದರೆ ಅದು ಬೇರೆ ಬಗೆಯದು. ಚಿನ್ನದ ಸಾಲದಲ್ಲಿ ಒಡವೆಯ ತೂಕ ಮತ್ತು ಅಪ್ಪಟತನ ನೋಡಿದರೆ ಹೆಚ್ಚುಕಡಿಮೆ ಮುಗಿಯಿತು. ಕೊಬ್ಬರಿ, ಅಡಿಕೆಯ ಮೇಲೆ ಮಂಡಿಯವರು ಕೊಡುವ ಮುಂಗಡಕ್ಕೆ ಯಾವ ಕಂಪನಿಯ ವರದಿಯೂ ಬೇಕಿಲ್ಲ. ಬದಲಿಗೆ ಮಾಲನ್ನು ಅವರಿಗೇ ಹಾಕಬೇಕು, ಅವರು ಹೇಳಿದ ದರಕ್ಕೆ. ಹೀಗೆ ಬ್ಯಾಂಕಿನ ಬಾಗಿಲಲ್ಲಿ "ಇಲ್ಲ" ಅನ್ನಿಸಿಕೊಂಡವರು ಸಾಲ ಮಾಡದೆ ಮನೆಗೆ ಹೋಗಿ ಮಲಗುವುದಿಲ್ಲ. ಹೆಚ್ಚು ಬಡ್ಡಿಯ, ಕಡಿಮೆ ರಕ್ಷಣೆಯ ಇನ್ನೊಂದು ಬಾಗಿಲಿಗೆ ಹೋಗುತ್ತಾರೆ. ಅಂಕಕ್ಕೆ ನಿಜವಾದ ಬಲ ಇರುವುದು ಇಲ್ಲಿ, ಯಾರು ಯಾವ ಬಾಗಿಲಿಗೆ ಹೋಗಬೇಕು ಎಂದು ವಿಂಗಡಿಸುವುದರಲ್ಲಿ.

ಹೆಂಗಸರ ಸಂಘಗಳ ಮತ್ತು ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತಿನ ಲೋಕದಲ್ಲಿ ಕಥೆ ಇನ್ನೂ ಬೇರೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು 2022ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮ ಮೈಕ್ರೋಫೈನಾನ್ಸ್ ಸಾಲ ಎಂದು ಕರೆಯುತ್ತದೆ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು ಎಂಬುದು ಅದರ ಮುಖ್ಯ ಷರತ್ತು. ಅದನ್ನು ಪರೀಕ್ಷಿಸಲೆಂದೇ ಸಾಲದ ಮಾಹಿತಿ ಕಂಪನಿಗಳ ವರದಿ ನೋಡಬೇಕು. ಅಂದರೆ ಒಬ್ಬಾಕೆ ಈಗಾಗಲೇ ನಾಲ್ಕು ಕಡೆ ಸಾಲ ತೆಗೆದಿದ್ದರೆ ಐದನೆಯವರ ಪರದೆಯ ಮೇಲೆ ಅದು ಕಾಣಬೇಕು.

ಕಾಣುತ್ತಿತ್ತು ಕೂಡ. ಆದರೂ ಕೊಟ್ಟರು. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕಂತಿನವರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ರಾಜ್ಯದ ಬೇರೆ ಬೇರೆ ಕಡೆಯಿಂದ ಆತ್ಮಹತ್ಯೆಗಳ ಸುದ್ದಿ ಬಂತು. ಫೆಬ್ರವರಿ 12ರಂದು ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಅಂಕಿತ ಹಾಕಿದ ಸುಗ್ರೀವಾಜ್ಞೆಯು ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಅದೇ ವರ್ಷ ಏಪ್ರಿಲ್‌ನಿಂದ ಒಬ್ಬ ಸಾಲಗಾರ್ತಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು ಎಂಬ ಮಿತಿಯನ್ನು ಮೈಕ್ರೋಫೈನಾನ್ಸ್ ಸಂಸ್ಥೆಗಳ ಒಕ್ಕೂಟ ತಾನೇ ಹಾಕಿಕೊಂಡಿತು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಾಲ ಕೊಡುವವರಿಗೆ ಕೊಡಲೇಬೇಕು ಎನ್ನಿಸಿದಾಗ ವರದಿ ಅವರನ್ನು ತಡೆಯಲಿಲ್ಲ. ಕೊಡಬಾರದು ಎನ್ನಿಸಿದಾಗ ಮಾತ್ರ ಅದು ದೊಡ್ಡ ಕಾರಣವಾಗುತ್ತದೆ. ಮೀಟರ್ ಬಡ್ಡಿಯವರ ಸಾಲವಂತೂ ಯಾವ ವರದಿಯಲ್ಲೂ ಇಲ್ಲ, ಆ ಮನೆಗಳನ್ನು ಹಿಂಡಿದ್ದರಲ್ಲಿ ಅದರ ಪಾಲೂ ಇತ್ತು.

ಕುಣಿಗಲ್ಲಿನ ಹುಡುಗರ ಸಮಸ್ಯೆ ಇದರ ತಿರುವುಮುರುವು. ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಅಥವಾ ಹತ್ತಿರದ ಅಂಚೇಪಾಳ್ಯದ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುವವರ ಜೀವನದ ಮೊದಲ ಸಾಲ ಹೆಚ್ಚಾಗಿ ಮೊಬೈಲ್ ಫೋನಿನದು. ಕಂತಿನ ದಿನ ಖಾತೆಯಲ್ಲಿ ಐನೂರು ರೂಪಾಯಿ ಕಡಿಮೆ ಬಿದ್ದು ಇಸಿಎಸ್ ಬೌನ್ಸ್ ಆದರೂ ಆ ತಿಂಗಳ ಮುಂದೆ ತಡವಾದ ದಿನಗಳ ಲೆಕ್ಕ ದಾಖಲಾಗುತ್ತದೆ. ಆ್ಯಪ್‌ಗಳ ಮೂಲಕ ಕೊಡುವ ಪುಟ್ಟ ಸಾಲಗಳನ್ನೂ, ಅವು ಎಷ್ಟೇ ಕಡಿಮೆ ಅವಧಿಯವಾಗಿರಲಿ, ಮಾಹಿತಿ ಕಂಪನಿಗಳಿಗೆ ವರದಿ ಮಾಡಬೇಕೆಂದು 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಎರಡು ಸಾವಿರಕ್ಕೆ ಮಾಡಿದ ಉದಾಸೀನ, ಇಪ್ಪತ್ತೆಂಟರಲ್ಲಿ ಮನೆ ಕಟ್ಟಲು ಹೊರಟಾಗ ಎದುರು ನಿಲ್ಲಬಹುದು. ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ.

ಎಂದೂ ಸಾಲವನ್ನೇ ಮಾಡದವರ ಪಾಡು ಇನ್ನೂ ವಿಚಿತ್ರ. ಅವರ ವರದಿಯಲ್ಲಿ ಅಂಕವೇ ಇರುವುದಿಲ್ಲ. ಕೆಲವು ಕಡೆ ಮೈನಸ್ ಒಂದು ಎಂದು ತೋರಿಸುತ್ತದೆ. ಸಾಲ ಮಾಡಬಾರದು ಎಂದು ಮಿತವಾಗಿ ಬದುಕಿದ ಮನೆಯ ಮಗನಿಗೆ "ಹಿಸ್ಟರಿ ಇಲ್ಲ" ಎಂದು ಬಾಗಿಲು ಹಾಕುವುದು ಅನ್ಯಾಯವೇ ಸರಿ. 2025ರ ಜನವರಿ 6ರ ರಿಸರ್ವ್ ಬ್ಯಾಂಕ್ ನಿರ್ದೇಶನ, ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಸಾಲದ ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎನ್ನುತ್ತದೆ. ಬ್ಯಾಂಕಿನ ಮೇಜಿನ ಎದುರು ಈ ಮಾತನ್ನು ತಾರೀಖು ಸಮೇತ ಹೇಳುವ ಗ್ರಾಹಕನನ್ನು ಸುಮ್ಮನೆ ಕಳಿಸುವುದು ಮ್ಯಾನೇಜರರಿಗೂ ಕಷ್ಟ.

ಸಾಲ ಸಿಕ್ಕವರ ಮೇಲೂ ಅಂಕದ ಕೈ ಇದೆ. ಬ್ಯಾಂಕ್ ಆಫ್ ಬರೋಡ 2017ರಲ್ಲಿ ಗೃಹ ಸಾಲದ ಬಡ್ಡಿಯನ್ನು ಸಿಬಿಲ್ ಅಂಕಕ್ಕೆ ಜೋಡಿಸಿತು; ಬೇರೆ ಬ್ಯಾಂಕುಗಳೂ ಆ ದಾರಿ ಹಿಡಿದವು. ತುಮಕೂರಿನ ಹೊಸ ಬಡಾವಣೆಯೊಂದರಲ್ಲಿ ಮನೆಗೆಂದು 20 ವರ್ಷದ ಅವಧಿಗೆ 30 ಲಕ್ಷ ತೆಗೆದ ಇಬ್ಬರನ್ನು ಊಹಿಸಿಕೊಳ್ಳಬಹುದು. ಒಬ್ಬರಿಗೆ ಶೇ 8.5, ಇನ್ನೊಬ್ಬರಿಗೆ ಶೇ 9 ಬಡ್ಡಿ. ಮೊದಲನೆಯವರ ಕಂತು ಸುಮಾರು 26,035 ರೂಪಾಯಿ, ಎರಡನೆಯವರದು ಸುಮಾರು 26,992. ಅವಧಿ ಮುಗಿಯುವಷ್ಟರಲ್ಲಿ ಅಂತರ ಎರಡೂಕಾಲು ಲಕ್ಷವನ್ನು ದಾಟುತ್ತದೆ. ಮನೆಗೆ ಸೋಲಾರ್, ಸಂಪು, ಕಾಂಪೌಂಡು ಮಾಡಿಸುವಷ್ಟು ದುಡ್ಡು.

ಇಷ್ಟಾದರೂ ಇದು ಸಾಲದ ವ್ಯವಹಾರದ ಒಳಗಿನ ಮಾತು. ಅಂಕ ತನ್ನ ಎಲ್ಲೆ ಮೀರಿದ ಕಡೆ ಕೋರ್ಟುಗಳು ಮಧ್ಯೆ ಬರಬೇಕಾಗಿದೆ. 2023ರಲ್ಲಿ ಕೇರಳದ ವಿದ್ಯಾರ್ಥಿಯೊಬ್ಬನ ಅಂಕ 560 ಎಂಬ ಕಾರಣಕ್ಕೆ ಬ್ಯಾಂಕ್ ಶಿಕ್ಷಣ ಸಾಲ ನಿರಾಕರಿಸಿತ್ತು. ಆ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ, ಓದಿನ ನಂತರ ಆತ ತೀರಿಸಬಲ್ಲನೇ ಎಂದು ಮಾನವೀಯವಾಗಿ ನೋಡಬೇಕು ಎಂದು ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ.ವಿ. ಕುಂಞಿಕೃಷ್ಣನ್ ಹೇಳಿದರು. ತುಮಕೂರಿನಂಥ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಊರಿನಲ್ಲಿ ಇದು ನೂರಾರು ಮನೆಗಳಿಗೆ ತಟ್ಟುವ ಮಾತು. ಆದರೆ 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪು ಬೇರೆ ದಿಕ್ಕಿಗೆ ಹೋಯಿತು. ಹಿಂದಿನ ಸಾಲಗಳ ಸುಸ್ತಿಯ ದಾಖಲೆ ಇದೆಯೆಂದು ಸ್ಟೇಟ್ ಬ್ಯಾಂಕ್ ಒಬ್ಬರ ನೇಮಕಾತಿಯನ್ನೇ ರದ್ದು ಮಾಡಿತ್ತು. ಕೋರ್ಟು ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಹಣ ನಿರ್ವಹಿಸುವವರಿಗೆ ಆರ್ಥಿಕ ಶಿಸ್ತು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೂ ಸಾಲ ತೀರಿಸಲು ಕೆಲಸ ಬೇಕು, ಕೆಲಸ ಸಿಗಲು ಸಾಲ ತೀರಿರಬೇಕು ಎಂಬ ಸುಳಿಗೆ ಬಡವರ ಮನೆಯ ಹುಡುಗರೇ ಮೊದಲು ಸಿಕ್ಕಿಬೀಳುತ್ತಾರೆ.

ಯುರೋಪಿನ ನ್ಯಾಯಾಲಯವೊಂದು ಈ ಪ್ರಶ್ನೆಯ ಬೇರಿಗೇ ಕೈ ಹಾಕಿತು. ಜರ್ಮನಿಯಲ್ಲಿ ಶೂಫಾ ಎಂಬ ಸಂಸ್ಥೆ 1927ರಿಂದ ಈ ಕೆಲಸ ಮಾಡುತ್ತಿದೆ. ತಾನು ಅಂಕ ಕೊಡುತ್ತೇನೆ ಅಷ್ಟೇ, ತೀರ್ಮಾನ ಬ್ಯಾಂಕಿನದು ಎಂಬುದು ಅದರ ವಾದವಾಗಿತ್ತು. 2023ರ ಡಿಸೆಂಬರ್ 7ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬ್ಯಾಂಕು ಅಂಕವನ್ನೇ ಬಲವಾಗಿ ನೆಚ್ಚಿಕೊಂಡು ನಡೆಯುವುದಾದರೆ ಅಂಕ ಹಾಕಿದ್ದೇ ತೀರ್ಮಾನ ಮಾಡಿದಂತೆ, ಆದ್ದರಿಂದ ಯಂತ್ರವೇ ಮಾಡುವ ತೀರ್ಮಾನಗಳಿಗೆ ಇರುವ ನಿರ್ಬಂಧ ಅದಕ್ಕೂ ಅನ್ವಯ ಎಂದಿತು. ನಮ್ಮಲ್ಲಿ ಮಾಹಿತಿ ಕಂಪನಿ ಬ್ಯಾಂಕಿನ ಕಡೆಗೂ ಬ್ಯಾಂಕು "ಸಿಸ್ಟಮ್ ತಗೊಳ್ತಿಲ್ಲ" ಎಂದು ಕಂಪ್ಯೂಟರಿನ ಕಡೆಗೂ ಕೈ ತೋರಿಸುತ್ತಿರುವಾಗ ಈ ತರ್ಕ ನಮಗೂ ತುರ್ತಾಗಿ ಬೇಕಾಗಿದೆ.

ಅಂಕವೇ ತಪ್ಪಾಗಿದ್ದರೆ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರ ವರದಿಯಲ್ಲಿ ತಿದ್ದಬೇಕಾದಂಥ ತಪ್ಪು ಸಿಕ್ಕಿತ್ತು. ನಮ್ಮ ಕಡೆ ತಪ್ಪಾಗಲು ಇನ್ನಷ್ಟು ದಾರಿಗಳಿವೆ. ಸಿದ್ದಗಂಗೆಯ ನೆರಳಿನ ಈ ಜಿಲ್ಲೆಯಲ್ಲಿ ಸಿದ್ದಲಿಂಗಯ್ಯ, ಶಿವಕುಮಾರ, ಸಿದ್ದಗಂಗಮ್ಮ ಎಂಬ ಹೆಸರುಗಳು ಓಣಿಗೆ ನಾಲ್ಕು. ಇಂಗ್ಲಿಷಿನಲ್ಲಿ ಅವನ್ನು ಬರೆಯುವ ಬಗೆ ಆಧಾರಿನಲ್ಲೊಂದು, ಪ್ಯಾನಿನಲ್ಲೊಂದು, ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಒಬ್ಬರ ಸಾಲ ಮತ್ತೊಬ್ಬರ ವರದಿಗೆ ಸೇರುವುದಕ್ಕೆ ಇಷ್ಟು ಸಾಕು.

ಬ್ಯಾಂಕುಗಳ ವಿಲೀನವನ್ನೂ ನೆನಪಿಡಬೇಕು. ತುಮಕೂರಿನಲ್ಲೇ ಕೇಂದ್ರ ಕಚೇರಿ ಇದ್ದ ಕಲ್ಪತರು ಗ್ರಾಮೀಣ ಬ್ಯಾಂಕು ಕಾವೇರಿ ಕಲ್ಪತರುವಾಗಿ, ಕಾವೇರಿ ಗ್ರಾಮೀಣವಾಗಿ, ಕೊನೆಗೆ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಜನ ಮೈಸೂರು ಬ್ಯಾಂಕು ಎಂದೇ ಕರೆಯುತ್ತಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಪಾಲಾಯಿತು; ವಿಜಯಾ ಬ್ಯಾಂಕು 2019ರಲ್ಲಿ ಬರೋಡಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ. ಹತ್ತು ವರ್ಷದ ಹಿಂದೆ ತೀರಿಸಿದ ಸಾಲ ವರದಿಯಲ್ಲಿ ಇನ್ನೂ ತೆರೆದೇ ಇದ್ದರೆ, ಹೋಗಬೇಕಾದದ್ದು ಹೆಸರು ಬದಲಾದ ಬ್ಯಾಂಕಿನ ಬಳಿಗೆ. ಹಳೆಯ ಬೇಬಾಕಿ ಪತ್ರವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರು ಇಂಥ ಹೊತ್ತಿನಲ್ಲಿ ಬಚಾವಾಗುತ್ತಾರೆ.

ಜಾಮೀನಿನ ವಿಷಯವನ್ನಂತೂ ಬಿಡಿಸಿ ಹೇಳಲೇಬೇಕು. ಭಾವಮೈದನ ಟ್ರಾಕ್ಟರಿಗೋ ಸ್ನೇಹಿತನ ಅಂಗಡಿಗೋ ಮುಲಾಜಿಗೆ ಸಹಿ ಹಾಕಿದವರ ವರದಿಯಲ್ಲಿ ಆ ಸಾಲ ಜಾಮೀನುದಾರರೆಂಬ ಹೆಸರಿನಲ್ಲಿ ಬಂದು ಕೂರುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನಷ್ಟೇ. ಅವನು ಕಂತು ತಪ್ಪಿಸಿದರೆ ಇವರ ಅಂಕಕ್ಕೂ ಏಟು. ಹಾಗೆಯೇ ಒಟಿಎಸ್‌ನಲ್ಲಿ, ಅಂದರೆ ಒಂದೇ ಸಲದ ತೀರುವಳಿಯಲ್ಲಿ, ಒಂದಿಷ್ಟು ಬಿಡಿಸಿಕೊಂಡು ತೀರಿಸಿದ ಸಾಲ "ಸೆಟಲ್ಡ್" ಎಂದು ದಾಖಲಾಗುತ್ತದೆಯೇ ಹೊರತು "ಕ್ಲೋಸ್ಡ್" ಎಂದಲ್ಲ. ಮುಂದಿನ ಬ್ಯಾಂಕು ಅದನ್ನು ಪೂರ್ತಿ ಕಟ್ಟದ ಸಾಲವೆಂದೇ ಓದುತ್ತದೆ. ಒಪ್ಪಂದಕ್ಕೆ ಸಹಿ ಹಾಕಿಸುವ ಮುನ್ನ ಇದನ್ನು ಬಾಯಿಬಿಟ್ಟು ಹೇಳುವುದು ಬ್ಯಾಂಕಿನವರ ಕರ್ತವ್ಯವಾಗಬೇಕು.

ತಿದ್ದಿಸುವ ದಾರಿ ಈಗ ಹಿಂದಿಗಿಂತ ಸಲೀಸಾಗಿದೆ. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಇದೆ. ತಮ್ಮ ವರದಿಯನ್ನು ತಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಹಾಗೆಂದು ಹೆದರಿಸುವವರ ಮಾತು ಸುಳ್ಳು. ತಪ್ಪು ಕಂಡರೆ ಮಾಹಿತಿ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಬಹುದು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ತಿದ್ದುಪಡಿಯ ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣವನ್ನೂ ತಿಳಿಸಬೇಕು. 2025ರ ಜನವರಿಯಿಂದ ಸಾಲದ ಮಾಹಿತಿ ಹದಿನೈದು ದಿನಕ್ಕೊಮ್ಮೆಯಾದರೂ ಹೊಸದಾಗುತ್ತದೆ, ಹಾಗಾಗಿ ಬಾಕಿ ಕಟ್ಟಿದ್ದು ಕಾಣಿಸಲು ಮೊದಲಿನಷ್ಟು ಕಾಯಬೇಕಿಲ್ಲ. ಐದು ಸಾವಿರ, ಹತ್ತು ಸಾವಿರ ಕೊಟ್ಟರೆ "ಸಿಬಿಲ್ ಕ್ಲೀನ್" ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರು ತಪ್ಪಾದ ದಾಖಲೆಯ ವಿಷಯದಲ್ಲಿ ಮಾಡುವುದು ಇದೇ ಪುಕ್ಕಟೆ ಅರ್ಜಿಯನ್ನು. ನಿಜವಾದ ಸುಸ್ತಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ.

ಬ್ಯಾಂಕೂ ಕಂಪನಿಯೂ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್ 1ರಿಂದ ಸಾಲದ ಮಾಹಿತಿ ಕಂಪನಿಗಳ ಮೇಲಿನ ದೂರುಗಳೂ ಅವರ ವ್ಯಾಪ್ತಿಗೆ ಬಂದಿವೆ. ಮೊದಲು ಆಯಾ ಸಂಸ್ಥೆಗೆ ಬರೆದು ಕೊಟ್ಟು 30 ದಿನ ಕಾದಿರಬೇಕು; ಆಮೇಲೆ ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ಬರೆದು ಕೊಟ್ಟ ಅರ್ಜಿಯ ನಕಲಿನ ಮೇಲೆ ಶಾಖೆಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡರೆ, 30 ದಿನದ ಲೆಕ್ಕ ಎಂದಿನಿಂದ ಎಂಬ ತಕರಾರು ಏಳುವುದಿಲ್ಲ.